ಮಲೆನಾಡಿನ ಮಳೆಗೆ ಕೆಡದ ಹಾಗೆ ಫೋಟೋಗೆ ಕಟ್ಟು ಹಾಕಿಸೋದು ಹೇಗೆ?

ಪ್ರಶ್ನೆ (ಸಾಗರದ ಕಡೆಯಿಂದ)

ನಮಸ್ಕಾರ. ನಾನೇ ತೆಗೆದ ಫೋಟೋಗಳನ್ನು ಜಗಲಿಯಲ್ಲಿ ಹಾಕಬೇಕೆಂದು ಬಹಳ ದಿನದ ಆಸೆ. ಹೋದ ವರ್ಷ ಬೇಸಿಗೆಯಲ್ಲಿ ಐದಕ್ಕೆ ಪೇಟೆಯಲ್ಲಿ ಕಟ್ಟು ಹಾಕಿಸಿ ತಂದೆ. ಆಷಾಢ ಕಳೆಯುವಷ್ಟರಲ್ಲಿ ಮೂರು ಹಾಳು. ಎರಡಕ್ಕೆ ಬೂಷ್ಟು ಹಿಡಿಯಿತು. ನಮ್ಮತ್ತೆ ಹಲಸಿನ ಹಪ್ಪಳ ಒತ್ತುತ್ತಿದ್ದ ಫೋಟೋ ಗಾಜಿಗೇ ಅಂಟಿಕೊಂಡು, ಮುಖದ ಮೇಲೆ ನೀರು ಬಿದ್ದ ಹಾಗೆ ಕಲೆ. ಅತ್ತೆ ಈ ಮಾಘದಲ್ಲಿ ತೀರಿಕೊಂಡರು. ಮೂಲ ಫೈಲು ಭದ್ರವಾಗಿದೆ, ಆದರೆ ಇನ್ನೊಮ್ಮೆ ಅದೇ ಗತಿ ಆಗುವುದು ಬೇಡ.

ಈಗ ಹನ್ನೊಂದು ಫೋಟೋ ಆರಿಸಿಟ್ಟಿದ್ದೇನೆ: ಅಡಿಕೆ ಸುಲಿಯುವ ರಾತ್ರಿ, ಮಳೆಗಾಲದ ಜೋಗ, ಮಂಡಗದ್ದೆಯ ಬೆಳ್ಳಕ್ಕಿ, ಹೀಗೆ. ಕೈಯಲ್ಲಿರುವುದು 3,000 ರೂಪಾಯಿ. ಮನೆಯದು ಮಣ್ಣಿನ ಗೋಡೆ, ಮೇಲೆ ಸುಣ್ಣ. ಒಂದು ಮೊಳೆ ಹೊಡೆದರೆ ಬೊಗಸೆ ಮಣ್ಣು ಉದುರುತ್ತದೆ. ದಾರಿ ಹೇಳಿ.

ಉತ್ತರ 1 (ಬೆಂಗಳೂರಿನಿಂದ)

ನಮ್ಮದು ಬಾಡಿಗೆ ಮನೆ, ಮೊಳೆ ಹೊಡೆಯುವ ಹಾಗೇ ಇಲ್ಲ. ಪುಸ್ತಕದ ಕಪಾಟಿನ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದೇನೆ, ಚೆನ್ನಾಗೇ ಕಾಣುತ್ತವೆ. ಎರಡೂ ಬದಿ ಅಂಟುವ ಟೇಪ್ ನಂಬಬೇಡಿ, ತೆಗೆಯುವಾಗ ಬಣ್ಣವೂ ಕಿತ್ತು ಬರುತ್ತದೆ. ಸುಣ್ಣದ ಗೋಡೆಗಂತೂ ಅದು ನಿಲ್ಲುವುದೇ ಇಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆಯ ಮೇಲೆ ಅಂಟಿಸಿ ಕೊಡುತ್ತಾರೆ, ಗಾಜೇ ಬೇಡ, ಅಗ್ಗ. ಜೋಗಕ್ಕೆ ಅದು ನಡೆದೀತು.

ಉತ್ತರ 2 (ತೀರ್ಥಹಳ್ಳಿಯಿಂದ)

ಅಕ್ಕ, ಮೊದಲು ಆ ಅಂಟಿಕೊಂಡ ಫೋಟೋವನ್ನು ಕೀಳಲು ಹೋಗಬೇಡಿ. ಗಾಜಿನ ಸಮೇತ ಹಾಗೇ ಎತ್ತಿಡಿ. ಫೈಲು ಇದೆಯಲ್ಲ, ಹೊಸದಾಗಿ ಪ್ರಿಂಟ್ ಹಾಕಿಸಿ.

ಅಂಟಿಕೊಳ್ಳಲು ಕಾರಣ ಇದೆ. ಲ್ಯಾಬಿನ ಫೋಟೋ ಪೇಪರಿನ ಮೇಲ್ಪದರ ಜೆಲಾಟಿನ್. ನಮ್ಮ ಕಡೆಯ ಥಂಡಿಗೆ ಅದು ಮೆತ್ತಗಾಗಿ ಗೋಂದಿನ ಹಾಗೆ ಗಾಜನ್ನು ಹಿಡಿಯುತ್ತದೆ. ನುಣುಪು ಪೇಪರಾದರೆ ಇನ್ನೂ ಬೇಗ. ಹಾಗಾಗಿ ಮ್ಯಾಟ್ ಪೇಪರ್ ಕೇಳಿ, ಮತ್ತು ಫೋಟೋಗೂ ಗಾಜಿಗೂ ನಡುವೆ ಮೌಂಟ್ ಬೋರ್ಡ್ ಹಾಕಿಸಿ. ಕಿಟಕಿಯ ಹಾಗೆ ನಡುವೆ ಕತ್ತರಿಸಿದ ದಪ್ಪ ರಟ್ಟು ಅದು. ಅಂದಕ್ಕೆ ಹಾಕುವುದೆಂದು ಎಲ್ಲರೂ ತಿಳಿದಿದ್ದಾರೆ. ನಮ್ಮ ಊರಿನಲ್ಲಿ ಫೋಟೋ ಉಳಿಯುವುದೇ ಆ ರಟ್ಟು ಕೊಡುವ ಸಂದಿನಿಂದ. ಆಸಿಡ್ ಇಲ್ಲದ ಬೋರ್ಡ್ ಬೇಕೆಂದು ಬಾಯಿಬಿಟ್ಟು ಹೇಳಿ, ಇಲ್ಲವಾದರೆ ವರ್ಷ ಕಳೆದ ಹಾಗೆ ಅಂಚು ಹಳದಿಯಾಗುತ್ತದೆ. ಫೋಟೋದ ಮೇಲಂಚಿಗೆ ಮಾತ್ರ ಪೇಪರ್ ಟೇಪ್ ಹಚ್ಚಿ ನೇತು ಬಿಡಬೇಕು. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ನಾಲ್ಕೂ ಕಡೆ ಅಂಟಿಸಿದರೆ ನಡುವೆ ಉಬ್ಬುತ್ತದೆ.

ಇನ್ನು ದುಡ್ಡು. ಹನ್ನೊಂದು ಬೇಡ, ನಾಲ್ಕೇ ಹಾಕಿಸಿ, ನಾಲ್ಕೂ ಒಂದೇ ಅಳತೆ ಇರಲಿ. 12×18 ಇಂಚಿನ ಫೋಟೋ, ಸುತ್ತ ಎರಡೆರಡು ಇಂಚು ಮೌಂಟ್, ಅಲ್ಲಿಗೆ 16×22. ಸುತ್ತಳತೆ 76 ಇಂಚು. ಮೂಲೆಗಳನ್ನು ಓರೆಯಾಗಿ ಕೊಯ್ಯುವಾಗ ಚೌಕಟ್ಟಿನ ಪಟ್ಟಿಯ ಅಗಲದ ಎಂಟು ಪಟ್ಟು ಹೆಚ್ಚಿಗೆ ಬೇಕು. ಒಂದಿಂಚಿನ ಪಟ್ಟಿಗೆ 8 ಇಂಚು ಸೇರಿಸಿದರೆ ಸರಿಯಾಗಿ 7 ಅಡಿ. ಅಂಗಡಿಯವರು ಅಡಿ ಲೆಕ್ಕದಲ್ಲಿ ದರ ಹೇಳುವುದರಿಂದ ಈ ಲೆಕ್ಕ ನಿಮಗೆ ಗೊತ್ತಿರಲಿ. ಅಗಲ ಪಟ್ಟಿ, ಹೂವಿನ ಕೆತ್ತನೆ ಎಲ್ಲ ಬಿಟ್ಟು ತೆಳು ಕಪ್ಪು ಫೈಬರ್ ಪಟ್ಟಿ ಆರಿಸಿದರೆ ಮೌಂಟಿಗೆ ದುಡ್ಡು ಉಳಿಯುತ್ತದೆ. ಹೋದ ಚಳಿಗಾಲದಲ್ಲಿ ನನಗೆ ಪ್ರಿಂಟೂ ಸೇರಿ ಒಂದಕ್ಕೆ 620 ರೂಪಾಯಿ ಬಿತ್ತು.

ಅಳತೆ ಒಂದೇ ಇದ್ದರೆ ವರ್ಷಕ್ಕೊಮ್ಮೆ ಒಳಗಿನ ಫೋಟೋ ಬದಲಿಸಬಹುದು. ಉಳಿದ ಏಳೂ ಹಾಗೇ ಗೋಡೆ ಹತ್ತುತ್ತವೆ. ಬೆಳ್ಳಕ್ಕಿಯನ್ನು ಹತ್ತಿರ ತರಲು ಬಹಳ ಕತ್ತರಿಸಿ 2400×1600 ಪಿಕ್ಸೆಲ್ ಮಾತ್ರ ಉಳಿದಿದ್ದರೆ 8×12ಕ್ಕೇ ನಿಲ್ಲಿಸಿ, ಅದೇ ಚೌಕಟ್ಟಿನಲ್ಲಿ ಅಂಚು ಅಗಲ ಬಿಡಿ. ಚಿಕ್ಕ ಹಕ್ಕಿಗೆ ಸುತ್ತ ಅಷ್ಟು ಬಿಳಿ ಇದ್ದರೆ ನನಗಂತೂ ಬಹಳ ಇಷ್ಟ. ಅಡಿಕೆ ಸುಲಿಯುವ ರಾತ್ರಿಯದನ್ನು ಮೊದಲು 4×6ರಲ್ಲಿ ಹಾಕಿಸಿ ನೋಡಿ. ಪರದೆಯಲ್ಲಿ ಕಂಡದ್ದಕ್ಕಿಂತ ಕಾಗದದಲ್ಲಿ ಕತ್ತಲು ಹೆಚ್ಚು. ಲ್ಯಾಬಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಫೋಟೋ ಆಗಿ ಕಳಿಸಿದರೆ ಕುಗ್ಗಿಹೋಗುತ್ತದೆ.

ಗೋಡೆಗೆ ಮೊಳೆ ಬೇಡವೇ ಬೇಡ. ಜಗಲಿಯ ಎರಡು ಕಂಬಗಳಿಗೆ ಅಡ್ಡವಾಗಿ ಒಂದು ರೀಪು ಬಡಿಸಿ, ಅದರಿಂದ ತಂತಿಯಲ್ಲಿ ಇಳಿಬಿಡಿ. ಫೋಟೋದ ನಡುಭಾಗ ನೆಲದಿಂದ ಐದಡಿಗೆ ಬರಲಿ. ನಮ್ಮ ಹಳೇ ಮನೆಗಳಲ್ಲಿ ತೊಲೆಯ ಹತ್ತಿರ ಕಟ್ಟಿ, ಕತ್ತೆತ್ತಿ ನೋಡುವ ಹಾಗೆ ಮಾಡುತ್ತಾರೆ, ಮುಖವೇ ಕಾಣುವುದಿಲ್ಲ.

ಕೊನೆಯದಾಗಿ, ಈಗ ಕಟ್ಟು ಹಾಕಿಸಬೇಡಿ. ಮಳೆ ಹಿಡಿದ ಮೇಲೆ ಮುಚ್ಚಿದರೆ ಥಂಡಿಯೂ ಒಳಗೇ ಸೇರುತ್ತದೆ. ದೀಪಾವಳಿ ಕಳೆಯಲಿ.

ಉತ್ತರ 3 (ಕುಂದಾಪುರದಿಂದ)

ತೀರ್ಥಹಳ್ಳಿಯವರು ಹೇಳಿದ್ದು ಸಮ. ಎರಡು ಸೇರಿಸುತ್ತೇನೆ. ಮಳೆ ಬಡಿಯುವ ಪಡುಗೋಡೆಗೆ ಏನೂ ಹಾಕಬೇಡಿ. ಮತ್ತೆ ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಹಳೇ ಸೈಕಲ್ ಟ್ಯೂಬಿನ ತುಂಡನ್ನು ಮಡಿಸಿ ಅಂಟಿಸಿ. ಗೋಡೆಗೆ ತಾಗದೆ ಗಾಳಿ ಆಡುತ್ತದೆ. ನಮ್ಮಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಕೊಕ್ಕೆ ಎರಡೇ ಮಳೆಗಾಲಕ್ಕೆ ತುಕ್ಕು, ಹಿತ್ತಾಳೆಯದು ಹಾಕಿದ್ದೇವೆ. ನಿಮಗೆ ಅಷ್ಟು ಬೇಕಾಗಲಿಕ್ಕಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಮೌಂಟ್ ವಿಷಯ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ನಾಲ್ಕನ್ನು ಆರಿಸುವಾಗ ಜೋಗವನ್ನೇ ಬಿಟ್ಟೆ, ಅದು ಎಲ್ಲರ ಮನೆಯಲ್ಲೂ ಇದೆ. ಅತ್ತೆ, ಅಡಿಕೆ ರಾತ್ರಿ, ಬೆಳ್ಳಕ್ಕಿ, ಮತ್ತೆ ನಮ್ಮ ಕೆರೆಯ ದಂಡೆ. ರೀಪಿಗೆ ಬಡಗಿಗೆ ಹೇಳಿಯಾಯಿತು. ಅತ್ತೆಯ ವರ್ಷಾಂತಿಕ ಮಾಘದಲ್ಲಿ, ಹಾಗಾಗಿ ದೀಪಾವಳಿವರೆಗೆ ಕಾಯಲು ತೊಂದರೆಯಿಲ್ಲ. ಆದರೆ ಪ್ರಿಂಟುಗಳು ನಿನ್ನೆಯೇ ಬಂದುಬಿಟ್ಟವು. ಅಲ್ಲಿಯವರೆಗೆ ಎಲ್ಲಿಡಲಿ ಅಣ್ಣ? ಅಟ್ಟದಲ್ಲಿ ಹೊಗೆ.

ಉತ್ತರ 2 (ತೀರ್ಥಹಳ್ಳಿಯಿಂದ)

ಸುತ್ತಬೇಡಿ ಅಕ್ಕ, ಹಾಸಿಯೇ ಇಡಿ. ನಡುನಡುವೆ ಬಿಳಿ ಕಾಗದ ಹಾಕಿ. ಪತ್ರಿಕೆ ಬೇಡ, ಮಸಿ ಹತ್ತುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಪೆಟ್ಟಿಗೆಯಲ್ಲಿ ಥಂಡಿ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ ನಾಲ್ಕೈದು ತಿಂಗಳು ಏನೂ ಆಗುವುದಿಲ್ಲ. ಶ್ರಾವಣದಲ್ಲಿ ಬಿಸಿಲು ಬಿದ್ದ ದಿನ ಒಮ್ಮೆ ತೆಗೆದು ನೋಡಿ, ನೆರಳಿನಲ್ಲಿ.