ಸಹಾಯ ಬೇಕು: ಹಂಪಿ, ದರೋಜಿ ಎರಡೂ ಒಂದೇ ದಿನಕ್ಕೆ ಆಗುತ್ತದಾ?

ನಮಸ್ಕಾರ, ನಾವು ಉಡುಪಿಯವರು. ಅಪ್ಪನಿಗೆ 71 ವರ್ಷ, ಮಂಡಿನೋವು ಬೇರೆ. ಹಂಪಿಯ ಕಲ್ಲಿನ ರಥ ನೋಡಬೇಕು, ಕಾಡುಪ್ರಾಣಿ ಒಂದನ್ನಾದರೂ ನೋಡಬೇಕು ಅಂತ ಅವರ ಆಸೆ.

ಇಲ್ಲಿನ ಒಬ್ಬ ಟ್ರಾವೆಲ್ಸ್‌ನವರು 3 ದಿನದಲ್ಲಿ ಹಂಪಿ, ಕಬಿನಿ ಎರಡೂ ತೋರಿಸುತ್ತೇವೆ ಅಂದರು. ಮ್ಯಾಪ್ ನೋಡಿದೆ. ಒಂದು ರಾಜ್ಯದ ಆ ತುದಿ, ಇನ್ನೊಂದು ಈ ತುದಿ. ಸುಮ್ನೆ ಗಾಡಿಯಲ್ಲೇ ಕೂತು ಬರಬೇಕಷ್ಟೆ! ಕಬಿನಿ ಬಿಟ್ಟೆವು. ಹಂಪಿ ಹತ್ತಿರದ ದರೋಜಿ ಕರಡಿಧಾಮವೇ ಸಾಕು. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚಿಡುತ್ತಾರೆ, ಮಧ್ಯಾಹ್ನದ ಮೇಲೆ ಕರಡಿಗಳು ಇಳಿದು ಬಂದು ನೆಕ್ಕುತ್ತವೆ. ಅಪ್ಪ ಈಗಲೇ ಮೊಮ್ಮಗನಿಗೆ ಅದನ್ನು ನಟಿಸಿ ತೋರಿಸುತ್ತಿದ್ದಾರೆ.

ಗೊಂದಲ ಇಷ್ಟೇ. ಬೆಳಿಗ್ಗೆ ಗೈಡ್ ಜೊತೆ ವಿರೂಪಾಕ್ಷ, ವಿಜಯ ವಿಠ್ಠಲ ಮುಗಿಸಿ, ಊಟ ಮಾಡಿ ದರೋಜಿಗೆ ಹೊರಡುವುದು ನನ್ನ ಲೆಕ್ಕ. ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ಇದೆ, ಅದು ಪುಣ್ಯ. ಇಬ್ಬರು ಗೈಡ್‌ಗಳಿಗೆ ಫೋನ್ ಮಾಡಿದೆ. ಒಬ್ಬರು ಆರಾಮಾಗಿ ಆಗುತ್ತದೆ ಅಂದರು, ಇನ್ನೊಬ್ಬರು ಹಂಪಿಗೇ 2 ದಿನ ಬೇಕು ಅಂದರು.

ವಯಸ್ಸಾದವರನ್ನು ಕರೆದುಕೊಂಡು ಹೋದವರು ಹೇಳಿ: ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಲಾ, ಅಥವಾ ದರೋಜಿಗೆ ಮರುದಿನ ಹೋಗಲಾ? ಕರಡಿ ನೋಡುವ ಜಾಗದಲ್ಲಿ ಮೆಟ್ಟಿಲು ಜಾಸ್ತಿ ಇದೆಯಾ?