ಗೇಜ್ ನಂಬರ್ ಏರಿದರೆ ದಪ್ಪವೋ ತೆಳುವೋ?

ತೋಟದಮನೆ_ಸಾಗರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಮನೆ ರಿಪೇರಿ, ಅಡಿಕೆ ಕೊಯ್ಲು, ಅಪ್ಪನ ಆಸ್ಪತ್ರೆ ಓಡಾಟ ಎಲ್ಲಾ ಒಟ್ಟಿಗೇ ಬಂದಿದೆ. ಎಲ್ಲಿಗೆ ಹೋದರೂ ‘ಗೇಜ್’ ಅನ್ನೋ ಮಾತು ಕಿವಿಗೆ ಬೀಳುತ್ತಿದೆ.

ವೈರಿಂಗ್ ಮಾಡುವವರು ‘ಮೂರು ಇಪ್ಪತ್ತು ತನ್ನಿ’ ಎಂದರು. 20 ಗೇಜಿನ ಮೂರು ಎಳೆ ಇರುವ ವೈರ್ ಅಂತೆ. ಪಾತ್ರೆ ಅಂಗಡಿಯಲ್ಲಿ 22 ಗೇಜಿಗಿಂತ 18 ಗೇಜ್ ಭಾರ, ದುಡ್ಡೂ ಜಾಸ್ತಿ. ಅಡಿಕೆಗೆ ಹೊದಿಸುವ ಪ್ಲಾಸ್ಟಿಕ್ ಕೇಳಿದರೆ 400 ಗೇಜಿಗಿಂತ 800 ಗೇಜ್ ಗಟ್ಟಿ ಎಂದರು. ಆಸ್ಪತ್ರೆಯಲ್ಲಿ ಸಿಸ್ಟರ್ ಅಪ್ಪನ ಕೈ ನೋಡಿ, ‘ನರ ಸಣ್ಣ ಇದೆ, 22 ಗೇಜ್ ಹಾಕೋಣ’ ಎಂದರು. ಇದರ ಜೊತೆಗೆ ರೈಲಿನ ಬ್ರಾಡ್ ಗೇಜ್ ಬೇರೆ.

ಒಂದು ಕಡೆ ನಂಬರ್ ಏರಿದರೆ ತೆಳು, ಇನ್ನೊಂದು ಕಡೆ ಏರಿದರೆ ದಪ್ಪ. ಇವಕ್ಕೆಲ್ಲ ಏನಾದರೂ ಸಂಬಂಧ ಇದೆಯಾ? ಅಂಗಡಿಯಲ್ಲಿ ಏನಂತ ಕೇಳಿ ತರಬೇಕು?

ವೈಂಡಿಂಗ್_ಹಾಸನ:

ಮೇಡಂ, ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ನನ್ನ ಕಸುಬು. ಗೇಜ್ ನಂಬರ್ ಇಲ್ಲದೆ ನಮ್ಮ ದಿನ ಶುರುವಾಗುವುದೇ ಇಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ತಂತಿ ಹೇಗೆ ತಯಾರಾಗುತ್ತದೆ ಅನ್ನೋದು ಗೊತ್ತಾದರೆ ನಂಬರ್ ಯಾಕೆ ಉಲ್ಟಾ ಅಂತ ಗೊತ್ತಾಗುತ್ತದೆ. ಅಕ್ಕಸಾಲಿಗರು ಬಂಗಾರದ ತಂತಿ ಎಳೆಯುವುದನ್ನು ನೋಡಿದ್ದೀರಾ? ಗಟ್ಟಿ ಉಕ್ಕಿನ ಪಟ್ಟಿಯಲ್ಲಿ ಸಾಲಾಗಿ ತೂತುಗಳಿರುತ್ತವೆ, ಒಂದಕ್ಕಿಂತ ಒಂದು ಸಣ್ಣ. ದಪ್ಪ ತಂತಿಯನ್ನು ಮೊದಲ ತೂತಿನಲ್ಲಿ ತೂರಿಸಿ ಎಳೆದು, ಆಮೇಲೆ ಎರಡನೆಯದರಲ್ಲಿ, ಮೂರನೆಯದರಲ್ಲಿ. ಕಬ್ಬಿಣ, ತಾಮ್ರದ ತಂತಿಯೂ ಹಾಗೇ ತಯಾರಾಗುವುದು. ಹೆಚ್ಚು ಸಲ ಎಳೆದಷ್ಟೂ ತಂತಿ ಸಣ್ಣ, ನಂಬರ್ ದೊಡ್ಡದು.

ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬೊಬ್ಬ ತಯಾರಕರದು ಒಂದೊಂದು ಲೆಕ್ಕ ಇತ್ತು. 1884ರಲ್ಲಿ ಅಲ್ಲಿ ಒಂದೇ ಪಟ್ಟಿಯನ್ನು ಕಾನೂನು ಮಾಡಿದರು. ನಾವು ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಅನ್ನುವುದು ಅದನ್ನೇ. ಅದರಲ್ಲಿ 18 ಅಂದರೆ 1.22 ಮಿಲಿಮೀಟರ್, 20 ಅಂದರೆ 0.91, 22 ಅಂದರೆ 0.71. ಅಮೆರಿಕದವರ ಪಟ್ಟಿಯೇ ಬೇರೆ, ಅದು ಎಡಬ್ಲ್ಯುಜಿ (ಅಮೆರಿಕನ್ ವೈರ್ ಗೇಜ್), ಅಲ್ಲಿ 18 ಅಂದರೆ 1.02 ಮಿಮೀ ಅಷ್ಟೇ. ಆನ್‌ಲೈನಲ್ಲಿ ವೈರ್ ತರಿಸುವವರು ಎಡಬ್ಲ್ಯುಜಿ ಅಂತ ಇದೆಯಾ, ಎಸ್‌ಡಬ್ಲ್ಯುಜಿ ಅಂತ ಇದೆಯಾ ನೋಡಲೇಬೇಕು.

ನಮ್ಮ ಟೇಬಲ್ ಮೇಲೆ ಎರಡು ಸಾಮಾನು ಸದಾ ಇರುತ್ತವೆ. ಒಂದು ದುಂಡಗಿನ ಗೇಜ್ ಪ್ಲೇಟ್. ಅದರ ಅಂಚಿನ ಸುತ್ತ ಸೀಳುಗಳಿವೆ, ಪ್ರತಿ ಸೀಳಿನ ಒಳತುದಿಯಲ್ಲಿ ಒಂದು ದುಂಡು ತೂತು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ತಂತಿಯನ್ನು ಆ ತೂತಿಗೆ ತೂರಿಸಿ ನೋಡುತ್ತಾರೆ. ಅಳತೆ ಇರುವುದು ಸೀಳಿನಲ್ಲಿ. ತೂತು ಇರುವುದು ತಂತಿ ಆಚೆ ಸುಲಭವಾಗಿ ಹೋಗಲಿ ಅಂತ. ಇನ್ನೊಂದು ಮೈಕ್ರೋಮೀಟರ್, ಸಣ್ಣ ದಪ್ಪವನ್ನು ನಿಖರವಾಗಿ ಅಳೆಯುವ ಸಾಧನ. ಸುಟ್ಟ ಮೋಟರ್ ಬಂದರೆ ಹಳೇ ಕಾಯಿಲಿನ ಸುತ್ತು ಎಣಿಸಿ, ಒಂದೆಳೆಯ ತುದಿಯನ್ನು ಬೆಂಕಿಗೆ ಹಿಡಿದು ಎನಾಮಲ್ (ತಾಮ್ರದ ಮೇಲೆ ಕರೆಂಟ್ ತಡೆಯಲು ಹಚ್ಚಿರುವ ತೆಳು ಲೇಪ) ತೆಗೆದು, ಬಟ್ಟೆಯಲ್ಲಿ ಒರೆಸಿ ಆಮೇಲೆ ಅಳೆಯಬೇಕು. 24 ಗೇಜಿನ ಬರೀ ತಾಮ್ರ 0.56 ಮಿಮೀ. ಎನಾಮಲ್ ಸಮೇತ ಅಳೆದರೆ 23 ಗೇಜಿನ 0.61ರ ಹತ್ತಿರ ತೋರಿಸುತ್ತದೆ. ಅದನ್ನೇ ನಂಬಿ 23 ತಂದು ಸುತ್ತಿದರೆ ಅಷ್ಟೂ ಸುತ್ತು ಮೋಟರಿನೊಳಗೆ ತಂತಿ ಕೂರುವ ಸ್ಲಾಟಿನಲ್ಲಿ ಹಿಡಿಸುವುದಿಲ್ಲ. ಬಡಿದು ತುರುಕಿದರೆ ಎನಾಮಲ್ ಕಿತ್ತು ಬರುತ್ತದೆ, ರೈತನ ಮೋಟರ್ ಮತ್ತೆ ಸುಡುತ್ತದೆ. ಬೇಸಿಗೆಯಲ್ಲಿ ಬೆಳೆ ಒಣಗುತ್ತಿರುವಾಗ ಹಾಗಾದರೆ ಅವರ ಗತಿ ಏನು ಹೇಳಿ.

19 ಗೇಜ್ ಸಿಗದಿದ್ದರೆ 22ರ ಎರಡೆಳೆ ಜೋಡಿಸಿ ಸುತ್ತುತ್ತೇವೆ. ತಾಮ್ರದ ಅಡ್ಡಕೊಯ್ತ ಎರಡರಲ್ಲೂ ಸುಮಾರು 0.8 ಚದರ ಮಿಮೀ. ಎಲ್ಲ ನಂಬರಿಗೂ ಹೀಗೆ ಮೂರು ಕೂಡಿಸಿದರೆ ನಡೆಯುವುದಿಲ್ಲ, ಪಟ್ಟಿ ನೋಡಿ ಲೆಕ್ಕ ಹಾಕಬೇಕು.

ಈಗ ನಿಮ್ಮ ‘ಮೂರು ಇಪ್ಪತ್ತು’. ಲೆಕ್ಕ ಹಾಕಿದರೆ ಸುಮಾರು 2 ಚದರ ಮಿಮೀ ಆಗುತ್ತದೆ. ಇವತ್ತು ಅಂಗಡಿಯಲ್ಲಿ ಸಾಮಾನ್ಯವಾಗಿ ಇರುವುದು 1.5, 2.5, 4. ಹಾಗಾಗಿ ‘ಮೂರು ಇಪ್ಪತ್ತು’ ಅಂದರೆ ಒಬ್ಬರು 1.5 ಕೊಡಬಹುದು, ಇನ್ನೊಬ್ಬರು 2.5. ಕಾಯಿಲ್ ಮೇಲೆ ಬರೆದಿರುವ ಚದರ ಮಿಮೀ ನೋಡಿಯೇ ತನ್ನಿ. ಲೈಟು, ಫ್ಯಾನಿಗೆ 1.5, ಪ್ಲಗ್ ಪಾಯಿಂಟಿಗೆ 2.5, ಗೀಜರಿಗೆ 4. ಎಷ್ಟು ಲೋಡ್ ಬರುತ್ತದೆ ಅಂತ ವೈರಿಂಗ್ ಮಾಡುವವರಿಗೆ ಮೊದಲೇ ಹೇಳಿ.

ಪ್ಲಾಸ್ಟಿಕ್ಕಿನ ಗೇಜಿಗೂ ತಂತಿ ಎಳೆಯುವುದಕ್ಕೂ ಸಂಬಂಧವೇ ಇಲ್ಲ. ಅದು ನೇರವಾಗಿ ದಪ್ಪದ ಅಳತೆ. ಇಂಚಿನ ಒಂದು ಲಕ್ಷದ ಒಂದು ಭಾಗಕ್ಕೆ ಒಂದು ಗೇಜ್. 100 ಗೇಜ್ ಅಂದರೆ ಸುಮಾರು 25 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), 400 ಅಂದರೆ 100 ಮೈಕ್ರಾನ್, 800 ಅಂದರೆ 200. ಅದಕ್ಕೇ ಅಲ್ಲಿ ನಂಬರ್ ಏರಿದರೆ ದಪ್ಪ.

ವಾರ್ಡ್_ಸಿಸ್ಟರ್:

ಹಾಸನದ ಅಣ್ಣ ಹೇಳಿದ್ದು ನಮಗೂ ಅನ್ವಯಿಸುತ್ತದೆ. ಸೂಜಿಯ ಗೇಜ್ ಕೂಡ ಇಂಗ್ಲೆಂಡಿನ ಹಳೇ ಕಬ್ಬಿಣದ ತಂತಿಯ ಪಟ್ಟಿಯಿಂದಲೇ ಬಂದಿದ್ದು, ಅವರು ಹೇಳಿದ 1884ರದ್ದಕ್ಕಿಂತ ಮೊದಲಿನದು. ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣ.

ಡ್ರಿಪ್ ಕೊಡಲು ಕೈಯ ನರಕ್ಕೆ ಹಾಕುವ ಸಣ್ಣ ನಳಿಕೆ, ಅಂದರೆ ಕ್ಯಾನುಲಾಗೆ ಬಣ್ಣವೂ ಇದೆ. 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ. ವಯಸ್ಸಾದವರ ನರ ಮುಟ್ಟಿದರೆ ಒಡೆಯುವ ಹಾಗಿರುತ್ತದೆ, ಅದಕ್ಕೆ ನೀಲಿ. ರಕ್ತ ಬೇಗ ಏರಿಸಬೇಕು, ದೊಡ್ಡ ಆಪರೇಷನ್ ಇದೆ ಅಂದರೆ ಹಸಿರು ಹುಡುಕುತ್ತೇವೆ. ಅಪ್ಪನಿಗೆ ನೀಲಿ ಹಾಕಿದ್ದು ಒಳ್ಳೆಯದೇ ಆಯಿತು. ಆ ಜಾಗ ಊದಿದರೆ, ಕೆಂಪಾದರೆ, ಉರಿ ಅಂದರೆ ತಡ ಮಾಡದೆ ಹೇಳಿ.

ಇನ್ನೊಂದು ವಿಷಯ. ಮೂತ್ರದ ಪೈಪಿಗೆ ನಾವು ‘ಫ್ರೆಂಚ್’ ಅನ್ನುತ್ತೇವೆ. ಅಲ್ಲಿ ಲೆಕ್ಕ ತಿರುಗುಮುರುಗು. ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೆ ಒಂದು ಫ್ರೆಂಚ್. 12ಕ್ಕಿಂತ 16 ದಪ್ಪ. ಒಂದೇ ಟ್ರೇನಲ್ಲಿ ಎರಡೂ ಪದ್ಧತಿ ಇರುತ್ತವೆ. ಟ್ರೈನಿಂಗಿಗೆ ಬರುವ ಮಕ್ಕಳಿಗೆ ನಾನು ಮೊದಲ ದಿನವೇ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಕಾಫಿತೋಟ_ಕೊಡಗು:

ಕೋವಿಗೂ ಇದೇ ಮಾತು. ನಾವು ಹನ್ನೆರಡು ಬೋರ್ ಅನ್ನುವುದನ್ನು ಅಮೆರಿಕದಲ್ಲಿ 12 ಗೇಜ್ ಅನ್ನುತ್ತಾರೆ. ನಳಿಗೆಗೆ ಸರಿಹೊಂದುವ ಸೀಸದ ಗುಂಡು ಎಷ್ಟು ಸೇರಿದರೆ ಒಂದು ಪೌಂಡ್ ಆಗುತ್ತದೆ ಅನ್ನುವುದೇ ಆ ನಂಬರ್. ಹನ್ನೆರಡು ಗುಂಡಿಗೆ ಒಂದು ಪೌಂಡ್ ಆದರೆ 12, ಇಪ್ಪತ್ತಕ್ಕೆ ಆದರೆ 20. ಗುಂಡು ಸಣ್ಣದಾದಷ್ಟೂ ಜಾಸ್ತಿ ಬೇಕು, ಅದಕ್ಕೇ 20ರ ನಳಿಗೆ ಸಣ್ಣ. ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ ಒರೆಸಿ ಪೂಜೆಗೆ ಇಡುವಾಗ ನಮ್ಮ ತಾತ ಇದನ್ನು ಹೇಳಿಕೊಟ್ಟಿದ್ದರು.

ಫಿಸಿಕ್ಸ್_ಮೇಷ್ಟ್ರು:

ರೈಲಿನದು ಸುಲಭ. ಎರಡು ಹಳಿಗಳ ಒಳಮೈ ನಡುವಿನ ದೂರವೇ ಗೇಜ್. ಬ್ರಾಡ್ 1676 ಮಿಮೀ, ಮೀಟರ್ ಗೇಜ್ 1000. ಹಿಂದೆ ಕೋಲಾರದ ಕಡೆ ಓಡುತ್ತಿದ್ದ ಸಣ್ಣ ರೈಲಿನದು 762. ನಮ್ಮ ಮೆಟ್ರೋ ಓಡುವುದು 1435ರ ಮೇಲೆ.

ಗಾಳಿ ತುಂಬುವ ಕಡೆ ಇರುವ ಗೇಜ್ ಮಾತ್ರ ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕಾದ್ದು. ಪಂಚರ್ ಆದ ಟೈರಿಗೆ ಹಿಡಿದರೆ ಮುಳ್ಳು ಸೊನ್ನೆಯಲ್ಲಿರುತ್ತದೆ. ಒಳಗೆ ಗಾಳಿ ಇಲ್ಲ ಅಂತಲ್ಲ. ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಯೇ 14.7 ಪಿಎಸ್‌ಐ ಒತ್ತುತ್ತಿರುತ್ತದೆ, ಒಳಗೂ ಅಷ್ಟೇ. ಗೇಜ್ ತೋರಿಸುವುದು ಹೊರಗಿಗಿಂತ ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ. ಸೊನ್ನೆಯನ್ನು ಎಲ್ಲಿಡಬೇಕು ಅಂತ ತೀರ್ಮಾನಿಸಿದವರು ನಾವು.

ನಾನು ತುಂಬಾ ಇಷ್ಟಪಟ್ಟು ಪಾಠ ಮಾಡುವ ವಿಷಯ ಇಲ್ಲಿಂದಲೇ ಮುಂದಕ್ಕೆ ಹೋಗುತ್ತದೆ. 11 ಸಾವಿರ ವೋಲ್ಟಿನ ತಂತಿ ಮೇಲೆ ಕೂತ ಹಕ್ಕಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಅದರ ಎರಡು ಕಾಲಿನ ನಡುವೆ ವೋಲ್ಟೇಜಿನ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸೊನ್ನೆ ವೋಲ್ಟ್ ಯಾವುದು ಅನ್ನುವುದನ್ನು ಬದಲಿಸಿದರೂ ಲೋಕದಲ್ಲಿ ನಡೆಯುವುದು ಬದಲಾಗುವುದಿಲ್ಲ. ಹೀಗೆ ನಾವು ಆರಿಸಿಕೊಂಡ ಅಳತೆಯನ್ನು ಒಂದೊಂದು ಜಾಗದಲ್ಲಿ ಒಂದೊಂದು ರೀತಿ ಬದಲಿಸಿದರೂ ಭೌತಶಾಸ್ತ್ರದ ನಿಯಮ ಹಾಗೇ ಉಳಿಯಬೇಕು ಅಂತ 1918ರಲ್ಲಿ ಗಣಿತಜ್ಞ ಹರ್ಮನ್ ವೈಲ್ ಹೇಳಿದರು. ಅವರು ಬಳಸಿದ ಜರ್ಮನ್ ಪದಕ್ಕೆ ತೂಕ, ಅಳತೆಗಳನ್ನು ಪರೀಕ್ಷಿಸಿ ಸರಿಪಡಿಸುವುದು ಅಂತ ಅರ್ಥ. ಇಂಗ್ಲಿಷಿನಲ್ಲಿ ಅದು ಗೇಜ್ ಆಯಿತು. ಅವರ ಮೊದಲ ರೂಪಕ್ಕೆ ಐನ್‌ಸ್ಟೈನ್ ಆಕ್ಷೇಪ ಎತ್ತಿದರು, 1929ರಲ್ಲಿ ವೈಲ್ ಅದನ್ನು ಬೇರೆ ರೀತಿ ಕಟ್ಟಿದರು. 1954ರಲ್ಲಿ ಭೌತವಿಜ್ಞಾನಿಗಳಾದ ಯಾಂಗ್ ಮತ್ತು ಮಿಲ್ಸ್ ಅದನ್ನು ಬೆಳೆಸಿದರು. ಇವತ್ತು ಕಣಗಳ ಭೌತಶಾಸ್ತ್ರ ನಿಂತಿರುವುದೇ ಗೇಜ್ ಸಿದ್ಧಾಂತದ ಮೇಲೆ.

ತೋಟದಮನೆ_ಸಾಗರ:

ಎಲ್ಲರಿಗೂ ತುಂಬಾ ಧನ್ಯವಾದ. ವೈರ್ ಚದರ ಮಿಮೀ ನೋಡಿ ತರುತ್ತೇನೆ, ಪ್ಲಾಸ್ಟಿಕ್ ಮೈಕ್ರಾನ್ ಕೇಳಿ. ಪಾತ್ರೆ ಒಂದು ಉಳಿಯಿತು. 18 ಗೇಜ್ ಅಂತ ಹೇಳಿ 22 ಕೊಟ್ಟರೆ ಗೊತ್ತಾಗುವುದು ಹೇಗೆ?

ವೈಂಡಿಂಗ್_ಹಾಸನ:

ಅಂಚು ಹಿಡಿದು ನೋಡಬೇಡಿ, ಅಲ್ಲಿ ತಗಡನ್ನು ಸುತ್ತಿ ಮಡಚಿರುತ್ತಾರೆ, ಯಾವ ಪಾತ್ರೆಯೂ ದಪ್ಪವೇ ಕಾಣುತ್ತದೆ. ಒಂದೇ ಅಗಲ, ಒಂದೇ ಎತ್ತರ, ಒಂದೇ ಆಕಾರದ 18 ಮತ್ತು 22 ಎರಡನ್ನೂ ತಕ್ಕಡಿಗೆ ಹಾಕಿಸಿ. 22ರದ್ದು ಒಂದು ಕೆಜಿ ತೂಗಿದರೆ 18ರದ್ದು 1.7 ಕೆಜಿ ಹತ್ತಿರ ಬರಬೇಕು. 1.2, 1.3 ಬಂದರೆ ಅದು 20 ಗೇಜಿನ ಮಾಲು.