ಸಹಾಯ ಬೇಕು: ಮೆಕ್‌ಪಿ2 ಜೀನ್‌ಗಳನ್ನು ಬರೀ ತಗ್ಗಿಸುತ್ತದಾ?
ನಮಸ್ಕಾರ. ಎಂ.ಎಸ್ಸಿ. ಸೆಮಿನಾರ್‌ಗೆ ಮೆಕ್‌ಪಿ2 ಪ್ರೋಟೀನ್ ತಗೊಂಡಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಡಿಎನ್‌ಎ ಮೇಲೆ ಮೀಥೈಲ್ ಅನ್ನೋ ಚಿಕ್ಕ ರಾಸಾಯನಿಕ ಗುರುತು ಇರುವಲ್ಲಿ ಇದು ಅಂಟಿಕೊಂಡು, ಎನ್‌ಕಾರ್ ಅನ್ನೋ ಪ್ರೋಟೀನ್ ಗುಂಪನ್ನು ಕರೆತಂದು ನರಕೋಶದ ಜೀನ್‌ಗಳ ಕೆಲಸ ತಗ್ಗಿಸುತ್ತದೆ, ಅಲ್ಲಿವರೆಗೆ ಸರಿ. ಇದರ ಜೀನ್ ಕೆಟ್ಟರೆ ರೆಟ್ ಸಿಂಡ್ರೋಮ್ ಅನ್ನೋ ಮಿದುಳಿನ ಬೆಳವಣಿಗೆಯ ಕಾಯಿಲೆ, ಜಾಸ್ತಿ ಹೆಣ್ಣುಮಕ್ಕಳಿಗೆ. ಈ ಜೀನೇ ಕಾರಣ ಅಂತ ಗೊತ್ತಾಗಿದ್ದು 1999ರಲ್ಲಿ. ಗಂಡುಮಕ್ಕಳಲ್ಲಿ ಈ ಜೀನ್ ಒಂದರ ಬದಲು ಎರಡಾದರೂ ಕಾಯಿಲೆನೇ!

ನನ್ನ ಪ್ರಶ್ನೆ ಇಷ್ಟೇ. ಇದು ಬರೀ ಬ್ರೇಕ್ ಆಗಿದ್ದರೆ, ಈ ಪ್ರೋಟೀನ್ ಇಲ್ಲದ ಇಲಿಯ ಮಿದುಳಲ್ಲಿ ಎಲ್ಲ ಜೀನ್‌ಗಳ ಕೆಲಸ ಏರಬೇಕಿತ್ತು, ಅಲ್ವಾ? ಆದರೆ ಎಷ್ಟೋ ಜೀನ್‌ಗಳದ್ದು ಇಳಿಯುತ್ತದೆ. ಅದು ನೇರ ಪರಿಣಾಮವಾ, ಇಲ್ಲಾ ಕೋಶವೇ ಸೊರಗಿದ್ದರಿಂದಾ? ನರವಿಜ್ಞಾನ ಓದಿದವರು ಯಾರಾದರೂ ಬಿಡಿಸಿ ಹೇಳಿ. ವಿಕಿಪೀಡಿಯ ಲಿಂಕ್ ಮಾತ್ರ ಬೇಡ, ಓದಿಯಾಗಿದೆ.